ಅಟ್ಟದ ಪೆಟ್ಟಿಗೆಯಿಂದ ಮಗಳ ಕಪಾಟಿಗೆ: ಐದು ತಿಂಗಳ ಪುಸ್ತಕದ ಪಾಡು

ಅಂತೂ ಮುಗಿಯಿತು. ಚಿಕ್ಕವನಿದ್ದಾಗ ನಾನು ಓದಿದ ಪುಸ್ತಕಗಳು ಅಟ್ಟದಿಂದ ಇಳಿದು, ಮಗಳ ಕಪಾಟು ಸೇರಿ ಮೂರು ವಾರ ಆಯಿತು. ಒಂದು ಭಾನುವಾರದ ಕೆಲಸ ಅಂದುಕೊಂಡು ಶುರು ಮಾಡಿದ್ದೆ. ಹಿಡಿದದ್ದು ಐದು ತಿಂಗಳು. ನಡುವೆ ಎರಡು ಸಲ ಕೈಬಿಟ್ಟಿದ್ದೆ, ಒಂದು ಸಲ ಹೆಂಡತಿಯ ಹತ್ತಿರ ಬೈಸಿಕೊಂಡೆ, ಒಂದು ಸಲ ಆರು ವರ್ಷದ ಮಗುವಿನ ಮೇಲೆ ಮುನಿಸಿಕೊಂಡು ಮಾತು ಬಿಟ್ಟೆ. ಇದೇ ಆಸೆ ಇಟ್ಟುಕೊಂಡು ಕೂತವರು ನಿಮ್ಮಲ್ಲೂ ಇರುತ್ತೀರಿ. ನಾನು ಎಡವಿದ ಕಡೆ ನೀವು ಎಡವದಿರಲಿ ಅಂತ ಬರೆಯುತ್ತಿದ್ದೇನೆ.

ಮಗಳು ಅಕ್ಷರ ಕೂಡಿಸಿ ಓದಲು ಶುರು ಮಾಡಿದ ವಾರವೇ ಅಮ್ಮನಿಗೆ ಫೋನ್ ಮಾಡಿದೆ. "ನಿನ್ನ ಪೆಟ್ಟಿಗೆ ಇಟ್ಟ ಜಾಗದಲ್ಲೇ ಇದೆ ಕಣೋ. ಇಷ್ಟು ವರ್ಷ ಒಬ್ಬರೂ ಮುಟ್ಟಿಲ್ಲ" ಅಂದರು. ಹೆಮ್ಮೆಯಿಂದಲೇ ಅಂದರು. ನನಗೂ ಖುಷಿಯಾಯಿತು. ಒಬ್ಬರೂ ಮುಟ್ಟಿಲ್ಲ ಅನ್ನುವುದೇ ತೊಂದರೆ ಅಂತ ಗೊತ್ತಾಗಿದ್ದು ಪೆಟ್ಟಿಗೆ ತೆರೆದ ಮೇಲೆ.

ಮೊದಲು ಬಂದದ್ದು ವಾಸನೆ. ಹಳೆ ಪುಸ್ತಕದ ಸಿಹಿ ವಾಸನೆ ಅಂತ ನಾವೆಲ್ಲ ಹೊಗಳುತ್ತೇವಲ್ಲ, ಅದಲ್ಲ. ಒದ್ದೆ ಗೋಣಿಚೀಲದ ವಾಸನೆ. ಮೇಲಿನ ಸಾಲಿನ ಪುಸ್ತಕಗಳು ಚೆನ್ನಾಗಿಯೇ ಇದ್ದವು. ತಳದ ಸಾಲಿನ ರಟ್ಟುಗಳ ಮೇಲೆ ಬೂದು ಬಣ್ಣದ ಬೂಷ್ಟು. ಒಂದನ್ನು ಎತ್ತಿದ ಕೂಡಲೇ ಬೆಳ್ಳಗೆ ಹೊಳೆಯುವ ಹುಳವೊಂದು ಬೆನ್ನಿನ ಸಂದಿಯಿಂದ ಸರ್ರನೆ ಓಡಿತು. ಸಿಲ್ವರ್‌ಫಿಶ್ ಅನ್ನುತ್ತಾರಲ್ಲ, ಅದೇ. ಪುಸ್ತಕದ ಅಂಟಿನಲ್ಲಿರುವ ಪಿಷ್ಟ ಅದಕ್ಕೆ ಊಟ. ನಾನು ಅಷ್ಟು ಪ್ರೀತಿಸಿದ ಕತ್ತೆಯ ಕಥೆಯ ಪುಸ್ತಕದಲ್ಲಿ ಕತ್ತೆಯ ಎರಡು ಕಾಲು ಮತ್ತು ಅರ್ಧ ಬಾಲ ಹೋಗಿತ್ತು.

ಒಟ್ಟು ನಲವತ್ಮೂರು ಪುಸ್ತಕ. ಅವತ್ತೇ ಎಲ್ಲವನ್ನೂ ಒರೆಸಿ ಮಗಳ ಕೈಗೆ ಕೊಡುವವನಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳ ಇರುವ ಒಂದೇ ಪುಸ್ತಕ ಸಾಕು, ಮನೆಯ ಉಳಿದ ಪುಸ್ತಕಗಳಿಗೂ ದಾಟುತ್ತದೆ. ಪೆಟ್ಟಿಗೆಯನ್ನು ಹೊರಗೇ ತೆರೆಯಿರಿ, ಮೂಗು ಬಾಯಿಗೆ ಮಾಸ್ಕ್ ಇರಲಿ, ಮಕ್ಕಳನ್ನು ದೂರ ಇಡಿ. ಬೂಷ್ಟಿನ ಧೂಳು ಉಸಿರಿಗೆ ಒಳ್ಳೆಯದಲ್ಲ. ನಾನು ಮಾಸ್ಕ್ ಇಲ್ಲದೆ ಕೂತು ಮೂರು ದಿನ ಸೀನಿದೆ. ಇನ್ನೊಂದು ತಪ್ಪು, ಒದ್ದೆ ಬಟ್ಟೆಯಿಂದ ಒರೆಸಿದ್ದು. ಬೂಷ್ಟಿಗೆ ಬೇಕಾದ್ದೇ ತೇವ. ಮೊದಲು ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಒಣಗಿದ ಮೇಲೆ ಮೆತ್ತಗಿನ ಬ್ರಷ್‌ನಿಂದ ಹೊರಮುಖವಾಗಿ ಗುಡಿಸಬೇಕು. ಬಿಸಿಲಿಗೆ ಹಾಕಿದರೆ ಬೇಗ ಆಗುತ್ತದಲ್ವಾ ಅನ್ನಿಸುತ್ತದೆ. ಆದರೆ ಮರದ ತಿರುಳಿನ ಅಗ್ಗದ ಕಾಗದದಲ್ಲಿ ಲಿಗ್ನಿನ್ ಅನ್ನುವ ಅಂಶ ಇರುತ್ತದೆ, ಬೆಳಕಿಗೆ ಅದು ಹಳದಿಯಾಗುತ್ತದೆ. ಬಿಸಿಲು ಬಿದ್ದಷ್ಟೂ ಕಾಗದ ಪೆಳಸಾಗುತ್ತದೆ, ಚಿತ್ರದ ಬಣ್ಣವೂ ಮಾಸುತ್ತದೆ.

ಹುಳಕ್ಕೆ ಏನು ಮಾಡುವುದು? ಔಷಧಿ ಹೊಡೆಯುವ ಮನಸ್ಸಾಗಲಿಲ್ಲ, ಮಗು ಹಿಡಿಯುವ ಪುಸ್ತಕ. ಹುಡುಕಿದಾಗ ಸಿಕ್ಕ ದಾರಿ ನೋಡಿ ನಗು ಬಂತು. ಫ್ರೀಜರ್‌ನಲ್ಲಿ ಇಡಬೇಕಂತೆ. ದೊಡ್ಡ ಸಂಗ್ರಹಾಲಯಗಳೂ ಮಾಡುವುದು ಇದನ್ನೇ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರಗೆ ಒತ್ತಿ, ಬಾಯಿ ಗಟ್ಟಿಯಾಗಿ ಮುಚ್ಚಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಇರುತ್ತದೆ. ಅದರಲ್ಲಿ ಎರಡು ವಾರ ಬಿಟ್ಟರೆ ಹುಳವೂ ಸಾಯುತ್ತದೆ, ಮೊಟ್ಟೆಯೂ ಸಾಯುತ್ತದೆ. ತೆಗೆದ ಮೇಲೆ ಚೀಲ ಬಿಚ್ಚಲು ಆತುರ ಬೇಡ. ಒಂದು ದಿನ ಹಾಗೇ ಇರಲಿ. ಇಲ್ಲದಿದ್ದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ನೀರು ಕೂತು ಮತ್ತೆ ಒದ್ದೆಯಾಗುತ್ತದೆ. ಬೂಷ್ಟು ಮಾತ್ರ ಇದರಿಂದ ಸಾಯುವುದಿಲ್ಲ, ಸುಮ್ನೆ ನಿದ್ದೆ ಹೋಗುತ್ತದೆ ಅಷ್ಟೇ. ಅದಕ್ಕೆ ಒಣಗಿಸುವುದೇ ದಾರಿ.

ನಮ್ಮ ಫ್ರೀಜರ್‌ಗೆ ಒಂದು ಸಲಕ್ಕೆ ಎಂಟು ಪುಸ್ತಕ ಹಿಡಿಯಿತು. ಎಂಟೆಂಟರ ಲೆಕ್ಕದಲ್ಲಿ ಎರಡೆರಡು ವಾರ. ಲೆಕ್ಕ ಹಾಕಿಕೊಳ್ಳಿ. ಮೂರನೇ ಕಂತಿನ ಹೊತ್ತಿಗೆ ಹೆಂಡತಿಯ ತಾಳ್ಮೆ ಮುಗಿಯಿತು. "ರೀ, ಐಸ್ ಬೇಕು ಅಂತ ಬಾಗಿಲು ತೆಗೆದರೆ ಮೊಲ, ನರಿ, ರಾಜಕುಮಾರ ಎಲ್ಲ ನನ್ನನ್ನೇ ನೋಡ್ತಾ ಕೂತಿದಾರೆ" ಅಂದಳು. ಮಗಳು ಮಾತ್ರ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು, ನಮ್ಮಪ್ಪ ಕಥೆಗಳನ್ನ ಫ್ರಿಜ್‌ನಲ್ಲಿ ಇಟ್ಟಿದಾರೆ ಅಂತ.

ಆ ಹೊತ್ತಿನಲ್ಲೇ ಇನ್ನೊಂದು ಹೆದರಿಕೆ ಶುರುವಾಯಿತು. ನಮ್ಮ ತಂಗಿಯ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನದು. ಹಳೆ ಪುಸ್ತಕದ ಬಣ್ಣದ ಶಾಯಿಯಲ್ಲಿ ಸೀಸ ಅನ್ನುವ ವಿಷದ ಲೋಹ ಇರಬಹುದು ಅಂತ ಎಲ್ಲೋ ಓದಿದೆ. ಇದು ಗಾಳಿಮಾತಲ್ಲ. ಮಕ್ಕಳ ವಸ್ತುಗಳಲ್ಲಿ ಸೀಸ ಎಷ್ಟಿರಬೇಕು ಅನ್ನುವ ಕಾನೂನು ಅಮೆರಿಕದಲ್ಲಿ 2008ರಲ್ಲಿ ಬಂದಾಗ, 1985ಕ್ಕಿಂತ ಮೊದಲು ಅಚ್ಚಾದ ಮಕ್ಕಳ ಪುಸ್ತಕಗಳ ಬಗ್ಗೆ ಈ ಪ್ರಶ್ನೆ ಎದ್ದಿತ್ತು. ಓದುವ ಮಗುವಿಗೆ ಇದರಿಂದ ಗಾಬರಿಪಡುವಂಥದ್ದೇನಿಲ್ಲ. ಕಚ್ಚುವ, ಚೀಪುವ ಕೂಸಿನ ಕೈಗೆ ಮಾತ್ರ ಹಳೆಯದನ್ನು ಕೊಡಬೇಡಿ. ಅದಕ್ಕೆ ಹೊಸ ರಟ್ಟಿನ ಪುಸ್ತಕವೇ ಸರಿ.

ಆಮೇಲೆ ರಿಪೇರಿ. ಇಲ್ಲಿ ನಾನು ಬೈಯಬೇಕಾದ ಮನುಷ್ಯ ಹತ್ತು ವರ್ಷದ ನಾನೇ. ಹರಿದ ಕಡೆಯೆಲ್ಲ ಟೇಪು ಅಂಟಿಸಿದ್ದೆ. ಇಷ್ಟು ವರ್ಷಕ್ಕೆ ಟೇಪು ಒಣಗಿ ಉದುರಿದೆ, ಅದರ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗಿದೆ. ಆ ಕಲೆ ಹೋಗುವುದಿಲ್ಲ. ಈಗ ಹರಿದದ್ದಕ್ಕೆ ತೆಳ್ಳನೆಯ ಟಿಶ್ಯೂ ಕಾಗದದ ಚೂರು ಹರಿದು (ಕತ್ತರಿಸಬೇಡಿ, ಹರಿದ ಅಂಚು ಚೆನ್ನಾಗಿ ಕೂಡುತ್ತದೆ) ಗೋಧಿ ಪಿಷ್ಟದ ಅಂಟು ಹಚ್ಚಿ ಕೂರಿಸುತ್ತೇನೆ. ಪುಸ್ತಕ ರಿಪೇರಿ ಮಾಡುವವರು ಜಪಾನಿನ ಉದ್ದ ನಾರಿನ ಕಾಗದ ಬಳಸುತ್ತಾರೆ. ಸಿಕ್ಕರೆ ಅದೇ ಒಳ್ಳೆಯದು. ಈ ಅಂಟನ್ನು ಬೇಕಾದರೆ ನೀರು ತಾಗಿಸಿ ಬಿಡಿಸಬಹುದು, ಅದೇ ಅದರ ಗುಣ. ಅಂಟು ತೀರಾ ತೆಳ್ಳಗೆ ಹಚ್ಚಿ. ಜಾಸ್ತಿ ಹಚ್ಚಿದರೆ ಹುಳಕ್ಕೆ ಮತ್ತೆ ಊಟ ಬಡಿಸಿದ ಹಾಗೆ.

ಪಿನ್ ಹೊಡೆದ ತೆಳು ಪುಸ್ತಕಗಳದ್ದು ಬೇರೆ ಕಥೆ. ಹದಿನಾರು ಅಥವಾ ಮೂವತ್ತೆರಡು ಪುಟದ ಚಿತ್ರದ ಪುಸ್ತಕಗಳು ಇರುತ್ತವಲ್ಲ, ಅವುಗಳ ಪಿನ್ ತುಕ್ಕು ಹಿಡಿದು ಕಾಗದವನ್ನೇ ತಿಂದಿತ್ತು. ನಡುಪುಟ ಮುಟ್ಟಿದರೆ ಕೈಗೇ ಬರುತ್ತಿತ್ತು. ಪಿನ್ ಎಳೆದರೆ ಹರಿಯುತ್ತದೆ. ಮೊದಲು ಅದರ ಕಾಲು ನೇರ ಮಾಡಿ ಹಿಂದಿನಿಂದ ನಿಧಾನಕ್ಕೆ ಎತ್ತಬೇಕು. ಆಮೇಲೆ ದಾರದ ಹೊಲಿಗೆ. ಮಡಿಕೆಯ ಉದ್ದಕ್ಕೆ ಮೂರು ತೂತು, ಒಂದು ನಡುವೆ, ಒಂದು ಮೇಲೆ, ಒಂದು ಕೆಳಗೆ. ದಬ್ಬಳದಿಂದ ಮಾಡಿಕೊಂಡೆ. ಸೂಜಿಯನ್ನು ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ತೆಗೆಯಿರಿ, ಮೇಲಿನ ತೂತಿನಿಂದ ಒಳಗೆ ತನ್ನಿ. ಒಳಗಡೆಯೇ ಉದ್ದಕ್ಕೆ ಎಳೆದು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುವಿನಿಂದ ಒಳಗೆ. ಈಗ ದಾರದ ಎರಡೂ ತುದಿ ಒಳಗಿವೆ. ಉದ್ದ ದಾರದ ಆ ಕಡೆ ಒಂದು, ಈ ಕಡೆ ಒಂದು ಇಟ್ಟು ಗಂಟು ಹಾಕಿ. ಮೊದಲನೇ ಪುಸ್ತಕಕ್ಕೆ ಒಂದು ಗಂಟೆ ಹಿಡಿಯಿತು. ಐದನೆಯದಕ್ಕೆ ಹತ್ತು ನಿಮಿಷ. ಇಡೀ ಐದು ತಿಂಗಳಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ಕೆಲಸ ಇದೊಂದೇ ಅಂದರೂ ನಡೆದೀತು.

ಪುಟದ ಮೂಲೆ ಮಡಿಸಿದರೆ ಹಪ್ಪಳದ ಹಾಗೆ ಮುರಿಯುವ ಪುಸ್ತಕಗಳೂ ಆರೇಳು ಇದ್ದವು. ಅವನ್ನು ಸ್ಕ್ಯಾನ್ ಮಾಡಿ ಮುದ್ರಿಸಿ ಓದಿಸಿದೆ. ಒಂಬತ್ತನ್ನು ಬಿಸಾಡಿದೆ. ಬಿಸಾಡುವ ಮುಂಚೆ ಪ್ರತಿಯೊಂದನ್ನೂ ನಿಂತು ಓದಿದೆ, ಅದಕ್ಕೆ ಒಂದು ರಾತ್ರಿ ಹೋಯಿತು.

ಇಷ್ಟರ ನಡುವೆ ಒಂದು ಪುಸ್ತಕ ಇಲ್ಲವೇ ಇಲ್ಲ. ನನಗೆ ಬೇಕಾಗಿದ್ದೇ ಅದು. ಗಾಳಿಪಟದ ಬೆನ್ನು ಹತ್ತಿ ಹೋಗುವ ಹುಡುಗನ ಕಥೆ. ಹೆಸರು ನೆನಪಿಲ್ಲ, ಬರೆದವರು ನೆನಪಿಲ್ಲ. ನೀಲಿ ಮುಖಪುಟ, ಮೂಲೆಯಲ್ಲಿ ಒಂದು ಏಣಿ, ಅಷ್ಟೇ ನೆನಪು. ಎರಡು ತಿಂಗಳು ಹುಡುಕಿದೆ. ಹುಡುಕುವವರಿಗೆ ಒಂದು ಮಾತು: ಬಣ್ಣ ನಂಬಬೇಡಿ. ನನ್ನ ನೀಲಿ ಮುಖಪುಟ ಸಿಕ್ಕಾಗ ಹಸಿರಾಗಿತ್ತು. ಕಥೆಯಲ್ಲಿ ಬರುವ ವಿಚಿತ್ರ ಸಂಗತಿ ಯಾವುದಾದರೂ ನೆನಪಿದ್ದರೆ ಅದನ್ನೇ ಹಿಡಿದು ಹುಡುಕಿ, ಲೈಬ್ರರಿಗಳ ಕ್ಯಾಟಲಾಗ್‌ನಲ್ಲೂ, ಹಳೆ ಪುಸ್ತಕಗಳ ಸ್ಕ್ಯಾನ್ ಪ್ರತಿ ಇರುವ ಇಂಟರ್ನೆಟ್ ಆರ್ಕೈವ್ ತಾಣದಲ್ಲೂ. ಅಣ್ಣ ತಮ್ಮ, ಅಕ್ಕ ತಂಗಿಯರನ್ನು ಕೇಳಿ. ನನ್ನದು ಸಿಕ್ಕಿದ್ದು ತಂಗಿಯಿಂದಲೇ. ಅವಳಿಗೆ ಹುಡುಗ ನೆನಪಿರಲಿಲ್ಲ, ಆದರೆ ಕೊನೆಯಲ್ಲಿ ಬರುವ ಕುರುಡ ಮೇಕೆಯ ಹೆಸರು ನೆನಪಿತ್ತು. ಆ ಹೆಸರು ಹಾಕಿದ ಮೂರನೇ ನಿಮಿಷಕ್ಕೆ ಪುಸ್ತಕ ಕಣ್ಣೆದುರು.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ ಸಿಕ್ಕರೆ ಕೆಲಸ ಸುಲಭ. ಅಲ್ಲೂ ಒಂದು ಗುಂಡಿ ಇದೆ. ಆ ಪದ್ಧತಿ ಜಗತ್ತಿಗೆಲ್ಲ ಒಂದೇ ಅಂತ ಆಗಿದ್ದು 1970ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಕ್ಕೆ ಸಂಖ್ಯೆಯೇ ಇಲ್ಲ, ಆಮೇಲಿನ ಎಷ್ಟೋ ಪುಸ್ತಕಗಳೂ ಹಾಕಿಸಿಕೊಂಡಿರುವುದಿಲ್ಲ. ಮೊದಲು ಹತ್ತು ಅಂಕಿ ಇತ್ತು, 2007ರಿಂದ ಹದಿಮೂರು. ಹಳೆಯ ಹತ್ತರ ಮುಂದೆ 978 ಸೇರಿಸಿದರೆ ಆಯಿತು ಅಂದುಕೊಂಡು ನಾನು ಒಂದು ವಾರ ತಪ್ಪು ಸಂಖ್ಯೆಯನ್ನೇ ಹುಡುಕಿದೆ. ಕೊನೆಯ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಅದು ತಾಳೆ ನೋಡುವ ಅಂಕಿ.

ಹಳೆ ಪುಸ್ತಕ ಮಾರುವ ಒಬ್ಬರ ಹತ್ತಿರ ಒಂದು ಪ್ರತಿ ಇತ್ತು. ಪುಸ್ತಕಕ್ಕಿಂತ ಸಾಗಣೆ ಖರ್ಚೇ ಜಾಸ್ತಿ. ಇರಲಿ ಅಂತ ತರಿಸಿದೆ. ಹತ್ತೊಂಬತ್ತು ದಿನ ಕಾದೆ. ಬಂದದ್ದು ಅದೇ ಹೆಸರಿನ ಸಂಕ್ಷಿಪ್ತ ರೂಪ. ಚಿತ್ರಗಳು ಬೇರೆ, ಮೇಕೆ ಇಲ್ಲ. ಮೇಕೆಯಿಲ್ಲದೆ ಆ ಕಥೆಗೆ ಕೊನೆಯೇ ಇಲ್ಲ! ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಆಮೇಲೆ ಇನ್ನೊಬ್ಬರಿಂದ ತರಿಸುವಾಗ ಪುಟಗಳ ಸಂಖ್ಯೆ, ಮುದ್ರಣದ ವರ್ಷ, ಚಿತ್ರ ಬರೆದವರ ಹೆಸರು ಮೂರನ್ನೂ ಕೇಳಿದೆ, ಒಳಪುಟದ ಫೋಟೋ ತರಿಸಿಕೊಂಡೆ. ದುಡ್ಡು ಕೊಡುವ ಮುಂಚೆ ನೀವೂ ಕೇಳಿ, ಸಂಕೋಚ ಬೇಡ.

ಸಿಕ್ಕಿದ ರಾತ್ರಿಯೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಧ್ವನಿ ಸ್ವಲ್ಪ ನಡುಗುತ್ತಿತ್ತು. ಮೊದಲ ಪುಟ ಮುಗಿಯಿತು, ಎರಡನೆಯದು ಮುಗಿಯಿತು. ಹುಡುಗ ಇನ್ನೂ ಮನೆಯಿಂದ ಹೊರಟಿಲ್ಲ, ಲೇಖಕರು ಬೆಟ್ಟ ಬಣ್ಣಿಸುತ್ತಿದ್ದಾರೆ. ಅದು ಹೀಗಿತ್ತು ಅಂತ ನನಗೆ ನೆನಪೇ ಇರಲಿಲ್ಲ. ಮೂರನೇ ಪುಟದಲ್ಲಿ ಮಗಳು ಕೇಳಿದಳು, "ಅಪ್ಪಾ, ಇದು ಇನ್ನೂ ಎಷ್ಟಿದೆ?"

"ಕೇಳು ಪುಟ್ಟಾ, ಮುಂದೆ ಚೆನ್ನಾಗಿದೆ."

"ಕಸದ ಗಾಡಿದು ಓದು."

ಕಸದ ಗಾಡಿ ಅಂದರೆ ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟ ಹನ್ನೆರಡು ಪುಟದ ಪುಸ್ತಕ. ನಾನು ಅದನ್ನು ಕಡಿಮೆ ಅಂದರೂ ನಲವತ್ತು ಸಲ ಓದಿದ್ದೇನೆ. ಅವತ್ತು ಓದಲಿಲ್ಲ. ಪುಸ್ತಕ ಮುಚ್ಚಿ ಎದ್ದು ಹೋದೆ. ಮುನಿಸಿನ ಲೆಕ್ಕ ಮೊದಲೇ ಹೇಳಿದೆನಲ್ಲ, ಅದು ಇದೇ. ಆರು ವರ್ಷದವಳಿಗೆ ನನ್ನ ಎರಡು ತಿಂಗಳ ಹುಡುಕಾಟ ಹೇಗೆ ಗೊತ್ತಾಗಬೇಕು? ಮರುದಿನ ನಾನೇ ಹೋಗಿ ಕಸದ ಗಾಡಿ ಓದಿದೆ. ಒಂದೇ ಕಥೆಯನ್ನು ತಿರುತಿರುಗಿ ಕೇಳುವುದು ಹಟವಲ್ಲ ಅಂತ ಆಮೇಲೆ ತಿಳಿಯಿತು. ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂದಿದೆ. ಬೇರೆ ಬೇರೆ ಕಥೆ ಕೇಳಿದವರಿಗಿಂತ ಅವೇ ಕಥೆಗಳನ್ನು ಮತ್ತೆ ಮತ್ತೆ ಕೇಳಿದ ಮಕ್ಕಳು ಹೊಸ ಪದಗಳನ್ನು ಚೆನ್ನಾಗಿ ಕಲಿತಿದ್ದರು. ನಾನೂ ಚಿಕ್ಕವನಿದ್ದಾಗ ಕತ್ತೆಯ ಕಥೆಯನ್ನು ಅಮ್ಮನ ಪ್ರಾಣ ತಿಂದು ಓದಿಸಿಕೊಂಡವನೇ. ಅಮ್ಮನಿಗೆ ಅದು ಈಗಲೂ ಬಾಯಿಪಾಠ.

ಮುಂದಿನ ವಾರಗಳಲ್ಲಿ ಒಂದೊಂದೇ ಪುಸ್ತಕ ಇಟ್ಟು ನೋಡಿದೆ. ಕೆಲವು ನಡೆದವು, ಜಾಸ್ತಿ ನಡೆಯಲಿಲ್ಲ. ಕೆಲವನ್ನು ನಾನೇ ಹಿಂದಕ್ಕೆ ಇಟ್ಟೆ. ಮತ್ತೆ ಓದಿದಾಗ ಗಾಬರಿಯಾಯಿತು. ಕೆಟ್ಟವರೆಲ್ಲ ಕಪ್ಪಗಿದ್ದಾರೆ, ಮಲತಾಯಿ ಅಂದರೆ ರಾಕ್ಷಸಿಯೇ, ಮಾತು ಕೇಳದ ಹುಡುಗನಿಗೆ ಬಾಸುಂಡೆ ಬರುವ ಹಾಗೆ ಹೊಡೆಯುತ್ತಾರೆ, ಅದಕ್ಕೆ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೆ ಅನ್ನುವುದು ನೆನಪಿದೆ. ಒಂದು ಕಥೆಯನ್ನು ಓದುತ್ತಾ ಓದುತ್ತಾ ಬದಲಿಸಿದೆ, ಹೊಡೆತ ತೆಗೆದು ಬುದ್ಧಿಮಾತು ಹಾಕಿದೆ. ಮಗಳು ಚಿತ್ರದ ಮೇಲೆ ಬೆರಳಿಟ್ಟು, "ಮತ್ತೆ ಕೈಯಲ್ಲಿ ಕೋಲು ಯಾಕಿದೆ?" ಅಂದಳು. ಸಿಕ್ಕಿಬಿದ್ದೆ. ಅವತ್ತಿನಿಂದ ಇದ್ದದ್ದನ್ನು ಇದ್ದ ಹಾಗೇ ಓದಿ, ನಿಲ್ಲಿಸಿ, ಇದು ಸರೀನಾ ಅಂತ ಕೇಳುತ್ತೇನೆ. ಮಗುವಿಗೆ ಚಿತ್ರ ಓದಲು ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಮೊದಲು ಒಬ್ಬರೇ ಒಂದು ಸಲ ಓದಿಕೊಂಡು ಆಮೇಲೆ ಮಗುವಿನ ಮುಂದೆ ತೆರೆಯಿರಿ, ಎಷ್ಟೇ ಬಾಯಿಪಾಠ ಇದ್ದರೂ.

ಅವಳು ಕೊನೆಗೆ ಹಿಡಿದುಕೊಂಡ ಪುಸ್ತಕ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಬಿಸಾಡುವ ರಾಶಿಯಲ್ಲಿತ್ತು. ಮಕ್ಕಳ ವಿಜ್ಞಾನದ ದಪ್ಪ ಪುಸ್ತಕ, 1980ರ ದಶಕದ್ದು. ಎಲ್ಲ ಹಳತಾಗಿದೆ, ಇದನ್ನು ಕೊಟ್ಟರೆ ತಪ್ಪು ಕಲಿಯುತ್ತಾಳೆ ಅಂತ ಪಕ್ಕಕ್ಕೆ ಇಟ್ಟಿದ್ದೆ. ಅವಳು ಅದರ ಮುಂದೆ ಕೂತು ಪುಟ ತಿರುಗಿಸುತ್ತಿದ್ದವಳು ಕೂಗಿದಳು.

"ಅಪ್ಪಾ! ಇದು ತಪ್ಪು! ಒಂಬತ್ತು ಗ್ರಹ ಅಂತ ಬರೆದಿದಾರೆ!"

ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದದ್ದು 2006ರಲ್ಲಿ. ಅವಳಿಗೆ ಹುಟ್ಟಿದಾಗಿನಿಂದ ಎಂಟೇ ಗ್ರಹ. ನಾನು ಅದನ್ನು ವಿವರಿಸುವಷ್ಟರಲ್ಲಿ ಅವಳು ಮುಂದಿನ ತಪ್ಪಿಗೆ ಹೊರಟಿದ್ದಳು. ಶನಿಗೆ 17 ಚಂದ್ರರು ಅಂತ ಅಚ್ಚಾಗಿತ್ತು. ಇಬ್ಬರೂ ಕೂತು ಹುಡುಕಿದೆವು. 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಹೊಸ ಚಂದ್ರರು ಲೆಕ್ಕಕ್ಕೆ ಸೇರಿ ಒಟ್ಟು 274 ಆದವು. ಅವಳಿಗೆ ಮೂರು ಅಂಕಿ ಬರೆಯುವುದೇ ಒಂದು ಹಬ್ಬ. ಡೈನೋಸಾರ್‌ಗಳ ಪುಟದಲ್ಲಿ ಎಲ್ಲವೂ ಬಾಲವನ್ನು ನೆಲಕ್ಕೆ ಎಳೆದುಕೊಂಡು ನಿಂತಿದ್ದವು, ಒಂದಕ್ಕೂ ಪುಕ್ಕ ಇಲ್ಲ. ಪುಕ್ಕದ ಗುರುತು ಇರುವ ಡೈನೋಸಾರ್ ಪಳೆಯುಳಿಕೆ ಚೀನಾದಲ್ಲಿ ಸಿಕ್ಕಿದ್ದು 1996ರಲ್ಲಿ, ಪುಸ್ತಕ ಅಚ್ಚಾದ ಎಷ್ಟೋ ವರ್ಷದ ಮೇಲೆ. ಭೂಪಟದಲ್ಲಿ ಸೋವಿಯತ್ ಒಕ್ಕೂಟ, ಎರಡು ಜರ್ಮನಿ. "ಈ ದೇಶ ಎಲ್ಲಿ ಹೋಯ್ತು?" ಅಂದಳು. ಆ ಪ್ರಶ್ನೆಗೆ ಉತ್ತರ ಹೇಳಲು ಒಂದು ಸಂಜೆ ಸಾಲಲಿಲ್ಲ.

ನಾನು ಹೇಳಿಕೊಟ್ಟು ಪ್ರೀತಿಸುವಂತೆ ಮಾಡಬೇಕು ಅಂತ ತಂದ ಪುಸ್ತಕಗಳು ಕಪಾಟಿನಲ್ಲಿ ಶಿಸ್ತಾಗಿ ಕೂತಿವೆ. ನನ್ನನ್ನು ಸೋಲಿಸಲು ಅವಕಾಶ ಕೊಟ್ಟ ಪುಸ್ತಕವನ್ನು ಅವಳು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾಳೆ. ಪ್ಲೂಟೋ ಪುಟದಲ್ಲಿ ನಾನು ಚಿಕ್ಕವನಿದ್ದಾಗ ಪೆನ್ಸಿಲ್‌ನಲ್ಲಿ "ಇಲ್ಲಿಗೆ ಹೋಗಬೇಕು" ಅಂತ ಬರೆದಿದ್ದೆ. ಅದರ ಕೆಳಗೆ ಅವಳ ಸೊಟ್ಟ ಅಕ್ಷರದಲ್ಲಿ ಈಗ ಇದೆ: "ಹೋಗಬಹುದು. ಆದರೆ ಗ್ರಹ ಅಲ್ಲ." ಒತ್ತಕ್ಷರ ಒಂದೂ ಇಲ್ಲದ ವಾಕ್ಯ ಬೇಕಂತ ಹುಡುಕಿದಳೋ ಏನೋ. ಕೊನೆಗೆ "ಗ್ರಹ", "ಅಲ್ಲ" ಬಂದು ಸಿಕ್ಕಿಬಿದ್ದಿದ್ದಾಳೆ, ಆ ಒತ್ತುಗಳನ್ನು ಎರಡು ಸಲ ಒರೆಸಿ ಬರೆದ ಗುರುತಿದೆ. ಪುಸ್ತಕದಲ್ಲಿ ಬರೆಯಬಾರದು ಅಂತ ಹೇಳಲು ಬಾಯಿ ತೆರೆದೆ. ನನ್ನ ಅಕ್ಷರ ಮೇಲೇ ಇತ್ತಲ್ಲ, ಏನು ಹೇಳುವುದು?

ಗಾಳಿಪಟದ ಪುಸ್ತಕವನ್ನು ಕೆಳಗಿನ ಹಲಗೆಯಲ್ಲಿ, ಅವಳ ಕೈಗೆ ಎಟುಕುವಲ್ಲಿ ನಿಲ್ಲಿಸಿ ಸುಮ್ಮನಾದೆ. ಮತ್ತೆ ಓದೋಣ ಅಂತ ಕರೆದಿಲ್ಲ. ನಿನ್ನೆ ಧೂಳು ಹೊಡೆಯುವಾಗ ನೋಡಿದರೆ ಅದು ತಲೆಕೆಳಗಾಗಿ ನಿಂತಿದೆ. ಮೂವತ್ತೊಂದನೇ ಪುಟದಲ್ಲಿ ಒಂದು ಹೇರ್ ಕ್ಲಿಪ್ ಸಿಕ್ಕಿಸಿದೆ. ಬೆಟ್ಟ ದಾಟಿದ್ದಾಳೆ. ಮೇಕೆಗೆ ಇನ್ನೂ ಒಂಬತ್ತು ಪುಟ. ಕ್ಲಿಪ್ ತೆಗೆದು ಕಾಗದದ ಚೂರು ಇಡೋಣ ಅನ್ನಿಸಿತು, ತುಕ್ಕು ಹಿಡಿಯುತ್ತಲ್ಲ. ಹಾಗೇ ಬಿಟ್ಟು, ಪುಸ್ತಕವನ್ನು ತಲೆಕೆಳಗಾಗಿಯೇ ಮತ್ತೆ ಒಳಗೆ ಇಟ್ಟೆ.